ಪಟ್ಟಿಯಿಂದ ರ‍್ಯಾಪ್ ಮಾಯವಾದ ವಾರ: ಪಾಪ್ ಸಂಗೀತ ನಿಂತ ನೀರಾಗಿದೆಯಾ?

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರಕ್ಕೊಮ್ಮೆ 'ಹಾಟ್ 100' ಎಂಬ ಪಟ್ಟಿ ಹೊರಡಿಸುತ್ತದೆ. ಆ ವಾರ ಅಲ್ಲಿ ಯಾವ ಹಾಡು ಎಷ್ಟು ಓಡಿತು ಎಂಬುದರ ಲೆಕ್ಕ ಅದು. 2025ರ ಅಕ್ಟೋಬರ್ 25ರ ಪಟ್ಟಿಯಲ್ಲಿ ಮೊದಲ 40 ಸ್ಥಾನಗಳನ್ನು ಜಾಲಾಡಿದರೂ ಒಂದೇ ಒಂದು ರ‍್ಯಾಪ್ ಹಾಡು ಸಿಗಲಿಲ್ಲ. 1990ರ ಫೆಬ್ರುವರಿಯಿಂದ ಈಚೆಗೆ ಹೀಗಾದದ್ದು ಇದೇ ಮೊದಲು.

ಸುದ್ದಿಯ ಹಿಂದೆಯೇ ಎರಡು ಮಾತು ಹಬ್ಬಿದವು. ರ‍್ಯಾಪ್ ಕಥೆ ಮುಗಿಯಿತು ಎಂಬುದು ಒಂದು. ರ‍್ಯಾಪ್ ಹೋದರೆ ಹೋಗಲಿ, ಅದರ ಜಾಗಕ್ಕೆ ಹೊಸದೇನೂ ಬಂದಿಲ್ಲವಲ್ಲ, ಅಂದಮೇಲೆ ಪಾಪ್ ಸಂಗೀತವೇ ನಿಂತುಹೋಗಿದೆ ಎಂಬುದು ಇನ್ನೊಂದು. ಎರಡನೆಯ ಮಾತಿಗೆ ಪುರಾವೆ ಕಣ್ಣೆದುರೇ ಇತ್ತು. ಟೆಡ್ಡಿ ಸ್ವಿಮ್ಸ್ ಎಂಬ ಗಾಯಕನ 'ಲೂಸ್ ಕಂಟ್ರೋಲ್' ಇದೇ ಪಟ್ಟಿಯಲ್ಲಿ 112 ವಾರ ಕೂತು ದಾಖಲೆ ಮಾಡಿತ್ತು. ಎರಡು ವರ್ಷಕ್ಕೂ ಜಾಸ್ತಿ! ಅದಕ್ಕೂ ಮೊದಲಿನ ದಾಖಲೆ 91 ವಾರ.

ಗೊಂದಲ ಇರುವುದು ಇಲ್ಲೇ. ಒಂದು ಕಡೆ ಹಾಡುಗಳು ಪಟ್ಟಿ ಬಿಟ್ಟು ಕದಲುತ್ತಿಲ್ಲ. ಇನ್ನೊಂದು ಕಡೆ 35 ವರ್ಷ ತಪ್ಪದೆ ಹಾಜರಿ ಹಾಕಿದ ಪ್ರಕಾರ ಒಂದೇ ವಾರದಲ್ಲಿ ಕಾಣೆ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ?

ಆ ವಾರ ಆಗಿದ್ದೇನು

ಹಾಡುಗಳು ಪಟ್ಟಿಯಲ್ಲಿ ಬೇರುಬಿಟ್ಟು ಕೂರುತ್ತಿವೆ ಎಂಬ ದೂರು ಬಿಲ್‌ಬೋರ್ಡಿಗೂ ಗೊತ್ತಿತ್ತು. ಅದಕ್ಕೇ ಆ ಅಕ್ಟೋಬರಿನಲ್ಲಿ ನಿಯಮ ಬಿಗಿ ಮಾಡಿತು. 26 ವಾರ ಕಳೆದ ಹಾಡು 25ನೇ ಸ್ಥಾನಕ್ಕಿಂತ ಕೆಳಗಿಳಿದರೆ ಅದನ್ನು ಪಟ್ಟಿಯಿಂದ ತೆಗೆಯುತ್ತಾರೆ. 52 ವಾರ ಆಗಿದ್ದರೆ 10ನೇ ಸ್ಥಾನ, 78 ವಾರ ಆಗಿದ್ದರೆ 5ನೇ ಸ್ಥಾನ ಗಡಿ. ಹಳಬರು ಎದ್ದು ಹೊಸಬರಿಗೆ ಜಾಗ ಬಿಡಲಿ ಎಂಬುದು ಉದ್ದೇಶ. 'ಲೂಸ್ ಕಂಟ್ರೋಲ್' ಕೊನೆಗೂ ಎದ್ದು ಹೋದದ್ದು ಹೀಗೆ.

ಅದರ ಜೊತೆ ಇನ್ನೊಂದು ಹಾಡೂ ಹೋಯಿತು. ರ‍್ಯಾಪರ್ ಕೆಂಡ್ರಿಕ್ ಲಮಾರ್ ಮತ್ತು ಗಾಯಕಿ ಸಿಜ಼ಾ ಹಾಡಿದ 'ಲೂಥರ್'. 2025ರಲ್ಲಿ 13 ವಾರ ಮೊದಲ ಸ್ಥಾನದಲ್ಲಿದ್ದ ಹಾಡು ಅದು. 46 ವಾರ ಆಗಿತ್ತು, 25ರ ಕೆಳಗೆ ಇಳಿದಿತ್ತು, ನಿಯಮದ ಪ್ರಕಾರ ಹೊರಬಿತ್ತು. ಮೇಲಿನ 40ರಲ್ಲಿ ಉಳಿದಿದ್ದ ರ‍್ಯಾಪ್ ಹಾಡು ಅದೊಂದೇ. ಹಳೇ ನಿಯಮವೇ ಇದ್ದಿದ್ದರೆ ಆ ವಾರ ಈ ಸುದ್ದಿ ಬಹುಶಃ ಹುಟ್ಟುತ್ತಲೇ ಇರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಟೇಲರ್ ಸ್ವಿಫ್ಟ್ ಹೊಸ ಆಲ್ಬಮ್ ಅಕ್ಟೋಬರ್ 3ರಂದು ಬಂದಿತ್ತು. ಅದರ 12 ಹಾಡುಗಳು ಹಿಂದಿನ ವಾರದ ಪಟ್ಟಿಯ ಮೊದಲ 12 ಸ್ಥಾನಗಳನ್ನೂ ಹಿಡಿದಿದ್ದವು. ಅಷ್ಟು ಜನ ಒಟ್ಟಿಗೆ ಬಸ್ ಹತ್ತಿದರೆ ಹಿಂದೆ ನಿಂತವರಿಗೆ ಸೀಟು ಎಲ್ಲಿ ಸಿಗಬೇಕು? ಆ ವಾರ ಎಲ್ಲರಿಗಿಂತ ಮೇಲಿದ್ದ ರ‍್ಯಾಪ್ ಹಾಡು 44ನೇ ಸ್ಥಾನದಲ್ಲಿತ್ತು. ಗಡಿಯಿಂದ ನಾಲ್ಕೇ ಹೆಜ್ಜೆ ಆಚೆ.

ಹಾಗಂತ ರ‍್ಯಾಪ್‌ಗೆ ಏನೂ ಆಗಿಲ್ಲ ಎನ್ನುವಂತಿಲ್ಲ. 2023ರಲ್ಲೇ ಅದರ ಲಕ್ಷಣ ಕಂಡಿತ್ತು. ಆ ವರ್ಷ ಒಂದು ರ‍್ಯಾಪ್ ಆಲ್ಬಮ್ ಮೊದಲ ಸ್ಥಾನ ಮುಟ್ಟಲು ಜುಲೈ ಬರಬೇಕಾಯಿತು, ಹಾಡು ಮುಟ್ಟಲು ಸೆಪ್ಟೆಂಬರ್. ಕಾವು ಕಡಿಮೆಯಾಗುತ್ತಿತ್ತು, ನಿಜ. ಆದರೆ ನಿಧಾನವಾಗಿ ತಣ್ಣಗಾಗುತ್ತಿದ್ದದ್ದು ರಾತ್ರೋರಾತ್ರಿ ಸತ್ತಂತೆ ಕಂಡದ್ದು ಲೆಕ್ಕ ಹಾಕುವ ರೀತಿ ಬದಲಾದ್ದರಿಂದ.

ಕೊಂಡವರ ಲೆಕ್ಕ, ಕೇಳಿದವರ ಲೆಕ್ಕ

ಪಟ್ಟಿಯ ಅಳತೆಗೋಲು ಬದಲಾದದ್ದು ಇದೇ ಮೊದಲಲ್ಲ. ಹಾಟ್ 100 ಶುರುವಾದದ್ದು 1958ರಲ್ಲಿ. ಯಾವ ರೆಕಾರ್ಡ್ ಚೆನ್ನಾಗಿ ಹೋಗುತ್ತಿದೆ ಎಂದು ಅಂಗಡಿಯವರನ್ನು ಕೇಳುವುದು, ರೇಡಿಯೋದವರು ಏನು ಹಾಕುತ್ತಿದ್ದಾರೆ ಎಂದು ವಿಚಾರಿಸುವುದು, ಎರಡನ್ನೂ ಕೂಡಿಸಿ ಪಟ್ಟಿ ಮಾಡುವುದು. ದಶಕಗಳ ಕಾಲ ಹೀಗೇ ನಡೆಯಿತು. ಅಂಗಡಿಯವನ ಬಾಯಿಮಾತೇ ಆಧಾರ. ಅವನಿಗೆ ಇಷ್ಟವಿಲ್ಲದ ಸಂಗೀತ ಎಷ್ಟೇ ಮಾರಾಟವಾದರೂ ಅವನ ಬಾಯಿಗೆ ಬರುತ್ತಿರಲಿಲ್ಲ.

1991ರಲ್ಲಿ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂತು. ಬಿಲ್ ಹಾಕುವಾಗ ಬಾರ್‌ಕೋಡ್ ಓದಿ ನಿಜವಾದ ಮಾರಾಟ ಎಣಿಸುವ ಪದ್ಧತಿ. ಎಣಿಕೆ ನಿಜವಾದ ಕೂಡಲೇ ಪಟ್ಟಿಯ ಮುಖವೇ ಬೇರೆಯಾಯಿತು. ರೇಡಿಯೋದವರು ಹತ್ತಿರ ಸೇರಿಸದ ಎನ್.ಡಬ್ಲ್ಯೂ.ಎ. ಎಂಬ ರ‍್ಯಾಪ್ ತಂಡದ ಆಲ್ಬಮ್ ಆ ಜೂನಿನಲ್ಲೇ ಬಿಲ್‌ಬೋರ್ಡಿನ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಕೇಳುಗರು ಒಂದು ತಿಂಗಳಲ್ಲಿ ಬದಲಾಗಿರಲಿಲ್ಲ. ಅವರು ಮೊದಲಿಂದಲೂ ಕೊಳ್ಳುತ್ತಲೇ ಇದ್ದರು. ಯಾರೂ ಸರಿಯಾಗಿ ಎಣಿಸಿರಲಿಲ್ಲ, ಅಷ್ಟೇ.

ಆಮೇಲಿನ ದೊಡ್ಡ ಬದಲಾವಣೆ ಸ್ಟ್ರೀಮಿಂಗ್. ಹಾಟ್ 100ಕ್ಕೆ 2012ರಲ್ಲಿ ಸ್ಪಾಟಿಫೈಯಂಥ ಸೇವೆಗಳ ಸ್ಟ್ರೀಮಿಂಗ್ ಲೆಕ್ಕ ಸೇರಿತು, 2013ರಲ್ಲಿ ಯೂಟ್ಯೂಬ್ ವೀಕ್ಷಣೆಯೂ ಸೇರಿತು. ಕೊರಿಯಾದ 'ಗಂಗ್ನಮ್ ಸ್ಟೈಲ್' 2012ರಲ್ಲಿ ಇಡೀ ಜಗತ್ತನ್ನು ಕುಣಿಸಿದರೂ ಏಳು ವಾರ ಎರಡನೇ ಸ್ಥಾನದಲ್ಲೇ ಒದ್ದಾಡಿತು. ಯೂಟ್ಯೂಬ್ ಲೆಕ್ಕ ಕೆಲವು ತಿಂಗಳು ಮೊದಲೇ ಬಂದಿದ್ದರೆ ಅದರ ಕಥೆ ಬೇರೆ ಇರುತ್ತಿತ್ತು.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಿಂತ ನೀರಿನ ಮಾತಿಗೆ ಅರ್ಧ ಉತ್ತರ ಇಲ್ಲೇ ಇದೆ. ಹಿಂದೆ ಒಂದು ರೆಕಾರ್ಡೋ ಕ್ಯಾಸೆಟ್ಟೋ ಕೊಂಡರೆ ಒಂದು ಲೆಕ್ಕ. ಮನೆಗೆ ಒಯ್ದು ಸಾವಿರ ಸಲ ಹಾಕಿ ಕೇಳಿದರೂ ಪಟ್ಟಿಗೆ ಅದು ಒಂದೇ. ಕೊಳ್ಳುವವರೆಲ್ಲ ಕೊಂಡಾದ ಮೇಲೆ ಹಾಡು ತಾನಾಗಿ ಕೆಳಗಿಳಿಯುತ್ತಿತ್ತು. ಪಟ್ಟಿ ಆಗ ಎಣಿಸುತ್ತಿದ್ದದ್ದು ಹೊಸದರ ಮೇಲಿನ ಕುತೂಹಲವನ್ನು. ಈಗ ಪ್ರತಿ ಸಲ ಕೇಳಿದ್ದೂ ಲೆಕ್ಕ. ಅಡುಗೆ ಮಾಡುವಾಗ ಓಡುವ ಹಾಡು, ಜಿಮ್‌ನ ಹಾಡು, ಮಗು ಮಲಗಿಸಲು ಹಾಕುವ ಹಾಡು, ಎಲ್ಲವೂ. ಪಟ್ಟಿ ಈಗ ಎಣಿಸುತ್ತಿರುವುದು ಅಭ್ಯಾಸವನ್ನು.

ಮರಾಯ ಕ್ಯಾರಿಯ ಕ್ರಿಸ್‌ಮಸ್ ಹಾಡನ್ನೇ ನೋಡಿ. ಅದು ಬಂದದ್ದು 1994ರಲ್ಲಿ. ಹಾಟ್ 100ರ ಮೊದಲ ಸ್ಥಾನ ಮುಟ್ಟಿದ್ದು 2019ರ ಡಿಸೆಂಬರಿನಲ್ಲಿ. ಆ 25 ವರ್ಷವೂ ಡಿಸೆಂಬರ್ ಬಂದರೆ ಜನ ಅದನ್ನು ಕೇಳುತ್ತಲೇ ಇದ್ದರು. ಮನೆಯಲ್ಲಿದ್ದ ಸಿಡಿ ತಿರುಗಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಫೋನಿನಲ್ಲಿ ತಿರುಗಿದ್ದು ಕಾಣುತ್ತದೆ.

ಹಳೆಯದರ ಪಾಲು ಶೇ 70

ನಿಂತುಹೋಗಿದೆ ಎನ್ನುವವರು ಎತ್ತುವ ದೊಡ್ಡ ಅಂಕಿ ಇದು. ಅಮೆರಿಕದಲ್ಲಿ ಜನ ಕೇಳುವ ಸಂಗೀತದಲ್ಲಿ ಶೇ 70ಕ್ಕಿಂತ ಹೆಚ್ಚು ಪಾಲು ಹಳೇ ಹಾಡುಗಳದ್ದು. 2022ರ ಆರಂಭದಲ್ಲಿ ಟೆಡ್ ಜೋಯಾ ಎಂಬ ಸಂಗೀತ ಬರಹಗಾರ, ಹಳೇ ಸಂಗೀತ ಹೊಸದನ್ನು ಕೊಲ್ಲುತ್ತಿದೆಯೇ ಎಂದು ಕೇಳಿದಾಗ ದೊಡ್ಡ ಚರ್ಚೆಯೇ ಆಯಿತು. ಅದೇ ಬೇಸಿಗೆಯಲ್ಲಿ ಒಂದು ವೆಬ್ ಸರಣಿಯ ದೆಸೆಯಿಂದ ಕೇಟ್ ಬುಷ್‌ಳ 1985ರ ಹಾಡು 37 ವರ್ಷದ ನಂತರ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಆದರೆ 'ಹಳೆಯದು' ಎಂದರೆ ಏನು ಎಂದು ಕೇಳಿದರೆ ಆ ಅಂಕಿಯ ಬಿರುಸು ಸ್ವಲ್ಪ ಇಳಿಯುತ್ತದೆ. ಉದ್ಯಮದ ಲೆಕ್ಕದಲ್ಲಿ ಬಿಡುಗಡೆಯಾಗಿ 18 ತಿಂಗಳು ದಾಟಿದ್ದೆಲ್ಲ ಹಳೆಯದೇ. ಹೋದ ವರ್ಷದ ಹಿಂದಿನ ವರ್ಷ ಬಂದ ಹಾಡೂ, ಬೀಟಲ್ಸ್ ಹಾಡೂ ಒಂದೇ ಡಬ್ಬಿಗೆ ಬೀಳುತ್ತವೆ. ಜೊತೆಗೆ, ಇವತ್ತಿನ ಹುಡುಗನ ಫೋನಿನಲ್ಲಿ 70 ವರ್ಷದ ಸಂಗೀತ ಒಟ್ಟಿಗೆ ಕೂತಿದೆ. ಹೊಸದು ಅಂದರೆ ಅದರಲ್ಲಿ ಒಂದೂವರೆ ವರ್ಷದ್ದು. ಅಷ್ಟು ಚಿಕ್ಕ ಕಾಲಕ್ಕೆ ಶೇ 30ರ ಹತ್ತಿರ ಪಾಲು ಸಿಗುತ್ತಿದೆ ಎಂದೂ ಅದೇ ಅಂಕಿಯನ್ನು ಓದಬಹುದು, ಅಲ್ವಾ?

ಇಷ್ಟಾದರೂ ಒಂದು ಚಿಂತೆ ಉಳಿಯುತ್ತದೆ. ಅದು ಹಣದ್ದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತನ್ನ ಇಡೀ ಹಾಡಿನ ಗಂಟನ್ನು 2021ರಲ್ಲಿ ಸೋನಿಗೆ ಸುಮಾರು 50 ಕೋಟಿ ಡಾಲರ್‌ಗೆ ಮಾರಿದ ಎಂಬ ವರದಿ ಬಂತು. ಅದಕ್ಕೂ ಒಂದು ವರ್ಷ ಮೊದಲು ಬಾಬ್ ಡಿಲನ್ ತಾನು ಬರೆದ ಹಾಡುಗಳ ಹಕ್ಕನ್ನು ಯೂನಿವರ್ಸಲ್‌ಗೆ ಮಾರಿದ್ದ. ಇಷ್ಟು ದುಡ್ಡು ಸುರಿದವರು ಸುಮ್ನೆ ಕೂರುವುದಿಲ್ಲ. ಆ ಹಾಡು ಜಾಹೀರಾತಿನಲ್ಲಿ ಬರಬೇಕು, ಸಿನಿಮಾದಲ್ಲಿ ಬರಬೇಕು, ಹೊಸ ಗಾಯಕ ಅದರ ಒಂದು ಸಾಲು ತೆಗೆದುಕೊಂಡು ಹಾಡಬೇಕು. ಪರಿಚಯದ ಸಾಲು ಕಿವಿಗೆ ಬಿದ್ದರೆ ಜನ ಮುಂದಕ್ಕೆ ಒತ್ತುವುದಿಲ್ಲ. ಹೊಸಬನ ಮೇಲೆ ಬಾಜಿ ಕಟ್ಟಿದರೆ ದುಡ್ಡು ಹೋಗಲೂಬಹುದು. ಹಳೇ ಹಾಡಿನ ಬಾಡಿಗೆ ಮಾತ್ರ ತಿಂಗಳು ತಿಂಗಳು ಬರುತ್ತದೆ.

ಲೆಕ್ಕ ಹಾಕಿ ನೋಡಿದವರು ಹೇಳಿದ್ದು

ಹಾಡುಗಳು ಒಂದೇ ಥರ ಆಗುತ್ತಿವೆ ಎಂಬುದು ಹಳೇ ದೂರು. ಜರ್ಮನಿಯ ಚಿಂತಕ ಅಡಾರ್ನೊ 1941ರಲ್ಲೇ, ಪಾಪ್ ಹಾಡು ಅಚ್ಚಿನಲ್ಲಿ ಹೊಯ್ದ ಸರಕು ಎಂದು ಬರೆದಿದ್ದ. ಆಗಿನ್ನೂ ರಾಕ್ ಸಂಗೀತ ಹುಟ್ಟಿರಲಿಲ್ಲ. ಈಗ ಕಂಪ್ಯೂಟರಿಗೆ ಲಕ್ಷಗಟ್ಟಲೆ ಹಾಡು ಕೊಟ್ಟು ಲೆಕ್ಕ ಹಾಕಿಸಬಹುದು. ಹಾಕಿಸಿದವರೂ ಇದ್ದಾರೆ. ತಮಾಷೆ ಏನೆಂದರೆ ಅವರ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ.

ಬಾರ್ಸಿಲೋನಾದ ಸಂಶೋಧಕರು 2012ರಲ್ಲಿ, 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಧ್ವನಿಮುದ್ರಣಗಳನ್ನು ಅಳೆದರು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಗಳು ಕಡಿಮೆಯಾಗಿವೆ, ನಾದದ ಬಣ್ಣಗಳು ಒಂದೇ ಥರ ಆಗುತ್ತಿವೆ, ಸದ್ದು ಮಾತ್ರ ಜೋರಾಗಿದೆ ಎಂದರು. ನಿಂತುಹೋಗಿದೆ ಎನ್ನುವವರಿಗೆ ಇದು ಹಬ್ಬ.

ಮೂರು ವರ್ಷದ ನಂತರ ಲಂಡನ್ನಿನ ಒಂದು ತಂಡ ಹಾಟ್ 100ರ ಸುಮಾರು 17 ಸಾವಿರ ಹಾಡುಗಳನ್ನು ತೆಗೆದುಕೊಂಡಿತು. 1960ರಿಂದ 2010ರವರೆಗಿನವು. ವೈವಿಧ್ಯ ಸತತವಾಗಿ ಇಳಿದದ್ದು ಅವರಿಗೆ ಕಾಣಲೇ ಇಲ್ಲ. 1980ರ ದಶಕದ ನಡುವಿನಲ್ಲಿ ಒಮ್ಮೆ ಕುಸಿದು ಮತ್ತೆ ಏರಿತ್ತು. ಜೊತೆಗೆ 1964, 1983 ಮತ್ತು 1991ರಲ್ಲಿ ಮೂರು ಕ್ರಾಂತಿಗಳು ಕಂಡವು. ಮೂರರಲ್ಲಿ ದೊಡ್ಡದು 1991ರದ್ದು, ರ‍್ಯಾಪ್ ಮೇಲೆ ಬಂದದ್ದು. ಸೌಂಡ್‌ಸ್ಕ್ಯಾನ್ ಬಂದ ವರ್ಷವೂ ಅದೇ ಎಂಬುದನ್ನು ಮರೆಯಬಾರದು. ಸಂಗೀತದ ಕ್ರಾಂತಿ ಎಷ್ಟು, ಎಣಿಕೆಯ ಕ್ರಾಂತಿ ಎಷ್ಟು ಎಂದು ಬಿಡಿಸುವುದು ಸುಲಭವಲ್ಲ.

2024ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 1950ರಿಂದ 2023ರವರೆಗೆ ಪ್ರತಿ ವರ್ಷದ ಮೊದಲ ಐದು ಹಾಡುಗಳ ಮಟ್ಟುಗಳನ್ನಷ್ಟೇ ನೋಡಿದರು. ವಾದ್ಯ, ತಾಳ, ಧ್ವನಿ ಎಲ್ಲ ಬಿಟ್ಟು ಬರೀ ಹಾಡುವ ಧಾಟಿ. 1975ರಲ್ಲೂ 2000ದಲ್ಲೂ ಮಟ್ಟುಗಳು ದೊಡ್ಡ ಮಟ್ಟದಲ್ಲಿ ಸರಳವಾಗಿದ್ದವು. ಆದರೆ ಒಂದು ಸೆಕೆಂಡಿಗೆ ಹಾಡುವ ಸ್ವರಗಳ ಸಂಖ್ಯೆ ಏರಿತ್ತು. ಮಟ್ಟು ಸರಳವಾಯಿತು ಅಂದರೆ ಸಂಗೀತವೇ ಸರಳವಾಯಿತು ಎಂದಲ್ಲ, ಜಟಿಲತೆ ಬೇರೆ ಕಡೆ ಹೋಗಿರಬಹುದು ಎಂದು ಅವರೇ ಎಚ್ಚರಿಸಿದರು.

ಮೂರೂ ಸುಳ್ಳಲ್ಲ. ಅಳೆದದ್ದು ಬೇರೆ ಬೇರೆ, ಅಷ್ಟೇ. ಮೈಸೂರು ಪಾಕನ್ನು ತೂಕ ಹಾಕಿದವನೂ, ತುಪ್ಪ ನೋಡಿದವನೂ, ಬಣ್ಣ ನೋಡಿದವನೂ ಒಂದೇ ವರದಿ ಕೊಡಲಾರರು. ಲಂಡನ್ನಿನ 2015ರ ತಂಡವಂತೂ ಪ್ರತಿ ಹಾಡಿನಿಂದ 30 ಸೆಕೆಂಡಿನ ತುಣುಕನ್ನಷ್ಟೇ ನೋಡಿತ್ತು. ಅಷ್ಟರಲ್ಲಿ ಹಾಡಿನ ಕಟ್ಟಡ ಹೇಗಿದೆ ಎಂದು ಹೇಗೆ ತಿಳಿಯಬೇಕು?

ಕಿವಿಗೆ ಒಂದೇ ಥರ ಕೇಳಿಸುವುದೇಕೆ

ಈ ಅಳತೆಗಳನ್ನೆಲ್ಲ ಪಕ್ಕಕ್ಕಿಟ್ಟರೂ, ಈಗಿನ ಹಾಡೆಲ್ಲ ಒಂದೇ ಥರ ಎಂಬ ಅನಿಸಿಕೆ ಪೂರ್ತಿ ಭ್ರಮೆಯಲ್ಲ. ಅದಕ್ಕೆ ಕಾರಣ ಹಾಡು ತಯಾರಾಗುವ ರೀತಿಯಲ್ಲಿದೆ.

ಒಂದು ಉದಾಹರಣೆ. ಹಾಡಿನ ಕೊನೆಯ ಸುತ್ತಿಗೆ ಇಡೀ ಶ್ರುತಿಯನ್ನೇ ಒಂದು ಮೆಟ್ಟಿಲು ಮೇಲೆತ್ತುವುದು ಹಳೇ ಪಾಪ್ ಹಾಡುಗಳ ಪ್ರಿಯ ವರಸೆ. ಕ್ರಿಸ್ ಡಾಲಾ ರೀವಾ ಎಂಬ ಅಮೆರಿಕದ ಬರಹಗಾರ ಹಾಟ್ 100ರ ಮೊದಲ ಸ್ಥಾನಕ್ಕೇರಿದ ಹಾಡುಗಳನ್ನೆಲ್ಲ ಕೂತು ಕೇಳಿದ. 1958ರಿಂದ 1990ರವರೆಗಿನ ಅಂಥ ಹಾಡುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಎಲ್ಲಾದರೂ ನಡುವೆ ಶ್ರುತಿ ಬದಲಿಸುತ್ತಿತ್ತು. 2010ರ ದಶಕದಲ್ಲಿ ಸಿಕ್ಕಿದ್ದು ಒಂದೇ ಒಂದು.

ಯಾಕೆ ಹೀಗಾಯಿತು? ಹಿಂದೆ ಪಿಯಾನೋ ಅಥವಾ ಗಿಟಾರ್ ಹಿಡಿದು ಹಾಡನ್ನು ಮೊದಲಿಂದ ಕೊನೆಯವರೆಗೆ ದಾರಿ ನಡೆದಂತೆ ಕಟ್ಟುತ್ತಿದ್ದರು. ಮುಂದೇನು, ಆಮೇಲೇನು ಎಂಬ ಯೋಚನೆ. ಈಗ ಲ್ಯಾಪ್‌ಟಾಪಿನಲ್ಲಿ ನಾಲ್ಕು ಸ್ವರಗುಚ್ಛಗಳ (ಕಾರ್ಡ್) ಒಂದು ಲೂಪ್ ಹಾಕುತ್ತಾರೆ. ಅದು ತಿರುಗುತ್ತಲೇ ಇರುತ್ತದೆ. ಅದರ ಮೇಲೆ ತಾಳ, ಬೇಸ್, ಧ್ವನಿ ಹೀಗೆ ಪದರ ಪದರ ಪೇರಿಸುತ್ತಾರೆ. ಒಂದು ಪದರ ತೆಗೆದರೆ ಚರಣ, ಎಲ್ಲ ಸೇರಿಸಿದರೆ ಪಲ್ಲವಿ. ಹಾಡು ಉದ್ದಕ್ಕೆ ಬೆಳೆಯುವ ಬದಲು ಎತ್ತರಕ್ಕೆ ಬೆಳೆಯುತ್ತದೆ. ಮಟ್ಟನ್ನು ಹಿಂಬಾಲಿಸಿ ಕೇಳುವ ಕಿವಿಗೆ ಇದು ಖಾಲಿ ಅನಿಸುತ್ತದೆ. ನಾದದ ಬಣ್ಣ, ಬೇಸಿನ ಗುದ್ದು, ತಾಳದ ಸಂದಿನ ಮೌನ ಹುಡುಕುವ ಕಿವಿಗೆ ಅಲ್ಲೇ ಬೇಕಾದಷ್ಟು ಸಿಗುತ್ತದೆ.

ಇನ್ನೊಂದು ಕಾರಣ ಪೂರ್ತಿ ವ್ಯಾಪಾರದ್ದು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಲೆಕ್ಕ. 29ನೇ ಸೆಕೆಂಡಿಗೆ ಬಿಟ್ಟರೆ ಏನೂ ಇಲ್ಲ. ಹಾಗಾಗಿ ಬೇಗ ಹಾಡಿಗೆ ಇಳಿಯಬೇಕು. ಅಮೆರಿಕದ ಮೊದಲ ಹತ್ತರ ಹಾಡುಗಳನ್ನು ನೋಡಿದ ಒಂದು ಅಧ್ಯಯನದ ಪ್ರಕಾರ, 1980ರ ದಶಕದ ನಡುವಿನಲ್ಲಿ ಗಾಯಕ ಬಾಯಿ ತೆರೆಯುವ ಮೊದಲು ಸರಾಸರಿ 20 ಸೆಕೆಂಡಿಗೂ ಹೆಚ್ಚು ವಾದ್ಯ ನುಡಿಯುತ್ತಿತ್ತು. 2015ರ ಹೊತ್ತಿಗೆ ಅದು ಸುಮಾರು 5 ಸೆಕೆಂಡಿಗೆ ಇಳಿಯಿತು. ಹಾಡು ಚಿಕ್ಕದಾದಷ್ಟೂ ಒಂದು ಗಂಟೆಯಲ್ಲಿ ಹೆಚ್ಚು ಸಲ ತಿರುಗುತ್ತದೆ, ಅಷ್ಟೂ ಲೆಕ್ಕ. ಲಿಲ್ ನಾಸ್ ಎಕ್ಸ್‌ನ 'ಓಲ್ಡ್ ಟೌನ್ ರೋಡ್' 2019ರಲ್ಲಿ 19 ವಾರ ಮೊದಲ ಸ್ಥಾನದಲ್ಲಿತ್ತು. ಅದರ ಮೂಲ ಹಾಡು ಎರಡು ನಿಮಿಷವೂ ಇಲ್ಲ.

ಕನ್ನಡದಲ್ಲೂ ಇದರ ನೆರಳು ಬಿದ್ದಿದೆ. ರಾಜನ್-ನಾಗೇಂದ್ರ ಕಾಲದ ಸಿನಿಮಾ ಹಾಡಿನಲ್ಲಿ ಪಲ್ಲವಿಗೆ ಮುಂಚೆ ವಯಲಿನ್, ಕೊಳಲು ಒಂದು ಸುತ್ತು ಮಾತಾಡಿ ಬರುತ್ತಿದ್ದವು. ಒಂದು ಚರಣ, ಮತ್ತೊಂದು ಬಿಜಿಎಂ, ಇನ್ನೊಂದು ಚರಣ. ಈಗ ಎಷ್ಟೋ ಹಾಡಿನಲ್ಲಿ ಎರಡನೇ ಚರಣವೇ ಇಲ್ಲ. ರೀಲ್ಸ್‌ಗೆ ಬೇಕಿರುವುದು ಒಂದು ಹುಕ್ ಲೈನ್, ಒಂದು ಹುಕ್ ಸ್ಟೆಪ್. ಹಾಡಿನ ಉಳಿದ ಭಾಗ ಅದಕ್ಕೆ ಕಟ್ಟಿದ ಚಪ್ಪರ. ಸೋಮಾರಿತನ ಅಂತ ಬೈಯುವುದು ಸುಲಭ. ಆದರೆ ಸಂಗೀತ ನಿರ್ದೇಶಕನ ಸಂಭಾವನೆಯೂ ಮುಂದಿನ ಸಿನಿಮಾವೂ ಆ ಹುಕ್ ಲೈನಿನ ಮೇಲೆ ನಿಂತಿರುವಾಗ ಅವನು ಇನ್ನೇನು ಮಾಡಿಯಾನು?

ಹೊಸ ಯಂತ್ರ ಬಾರದ ಕಾಲ

ನಿಂತುಹೋಗಿದೆ ಎನ್ನುವವರಲ್ಲಿ ಎಲ್ಲರಿಗಿಂತ ಗಟ್ಟಿಯಾದ ವಾದ ಬ್ರಿಟನ್ನಿನ ಬರಹಗಾರ ಮಾರ್ಕ್ ಫಿಶರ್‌ದು. ಅವನು ಒಂದು ಕಲ್ಪನೆ ಮುಂದಿಟ್ಟ. 1993ರ ಜಂಗಲ್ ಎಂಬ ವೇಗದ ಕುಣಿತದ ಸಂಗೀತದ ರೆಕಾರ್ಡನ್ನು 1989ರ ಕೇಳುಗನಿಗೆ ಕೇಳಿಸಿ. ಬರೀ ನಾಲ್ಕು ವರ್ಷದ ಅಂತರ, ಆದರೂ ಅವನು ದಂಗಾಗುತ್ತಾನೆ. ಈಗಿನ ರೆಕಾರ್ಡನ್ನು 1995ರ ರೇಡಿಯೋದಲ್ಲಿ ಹಾಕಿ. ಯಾರೂ ಬೆಚ್ಚುವುದಿಲ್ಲ. ಅವನು ಹೀಗೆ ಬರೆದದ್ದು 2010ರ ದಶಕದ ಆರಂಭದ ಸಂಗೀತ ಕೇಳಿ.

ಜಂಗಲ್ ಹುಟ್ಟಿದ ಬಗೆ ನೋಡಿದರೆ ಈ ವಾದ ಇನ್ನೂ ಕುತೂಹಲಕರ. ಅದರ ಬೆನ್ನೆಲುಬು 1969ರ ಒಂದು ಅಮೆರಿಕನ್ ಹಾಡಿನಿಂದ ಕತ್ತರಿಸಿದ, ಸುಮಾರು ಏಳು ಸೆಕೆಂಡಿನ ಡ್ರಮ್ ತುಣುಕು. ಅದನ್ನು 'ಏಮೆನ್ ಬ್ರೇಕ್' ಎನ್ನುತ್ತಾರೆ. ಬ್ರಿಟನ್ನಿನ ಹುಡುಗರು, ಸದ್ದಿನ ತುಣುಕು ಹಿಡಿದಿಟ್ಟು ಬೇಕಾದಂತೆ ನುಡಿಸುವ ಸ್ಯಾಂಪ್ಲರ್ ಯಂತ್ರಕ್ಕೆ ಅದನ್ನು ಹಾಕಿ, ಚೂರು ಮಾಡಿ, ವೇಗ ಹೆಚ್ಚಿಸಿ, ಮತ್ತೆ ಹೊಲಿದರು. ಬಾರಿಸಿದ ಡ್ರಮ್ಮರ್‌ಗೆ ರಾಯಲ್ಟಿ ಅಂತ ಒಂದು ಕಾಸೂ ಸಿಗಲಿಲ್ಲ. ಅಂದರೆ ಹಳೆಯದನ್ನು ಮತ್ತೆ ಬಳಸಿದ ಮಾತ್ರಕ್ಕೆ ಸಂಗೀತ ನಿಂತಿದೆ ಎನ್ನಲಾಗದು. ಹಳೇ ಸಾಲನ್ನು ಗುರುತು ಸಿಗಲೆಂದೇ ಇಡುವುದು ಬೇರೆ, ಗುರುತೇ ಸಿಗದ ಹಾಗೆ ಕುಟ್ಟಿ ಪುಡಿ ಮಾಡಿ ಹೊಸದು ಮಾಡುವುದು ಬೇರೆ.

ಹಿಂದಿನ ಒಂದೊಂದು ನೆಗೆತದ ಹಿಂದೆಯೂ ಒಂದು ಯಂತ್ರವಿತ್ತು. 1960ರ ದಶಕಕ್ಕೆ ಎಲೆಕ್ಟ್ರಿಕ್ ಗಿಟಾರ್. 1983ರ ಹೊತ್ತಿಗೆ ಸಿಂಥಸೈಜರ್, ಡ್ರಮ್ ಮಶೀನ್. ಯಮಾಹಾ ಡಿಎಕ್ಸ್7 ಎಂಬ ಸಿಂಥಸೈಜರ್ ಬಂದದ್ದು ಅದೇ ವರ್ಷ. ಜಂಗಲ್‌ಗೆ, ರ‍್ಯಾಪ್‌ಗೆ ಸ್ಯಾಂಪ್ಲರ್. ಯಂತ್ರ ಬಂದಾಗ ಹಿಂದೆ ಯಾರೂ ಕೇಳದ ಸದ್ದು ಬರುತ್ತಿತ್ತು, ದಶಕಕ್ಕೆ ಒಂದು ಗುರುತು ಸಿಗುತ್ತಿತ್ತು. ಆಮೇಲೆ ಈ ಎಲ್ಲ ಯಂತ್ರಗಳೂ ಕಂಪ್ಯೂಟರಿನ ಒಳಗೆ ಸೇರಿಕೊಂಡವು. ಯಾವ ಸದ್ದು ಬೇಕೋ ಅದು ಎಲ್ಲರಿಗೂ ಯಾವಾಗಲೂ ಸಿಗುತ್ತದೆ. ಹಾಗಾದಾಗ ಇದು ನಮ್ಮ ಕಾಲದ ಸದ್ದು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಫಿಶರ್‌ನ ಬೇಸರಕ್ಕೆ ಮೂಲ ಇದು ಎನ್ನುವುದು ಈ ಲೇಖನದ ಅಂದಾಜು. ಅವನಾದರೋ ಬಂಡವಾಳಶಾಹಿಯನ್ನು ದೂರಿದ.

ಅವನು ಎಲ್ಲಿ ಕಿವಿಗೊಡಲಿಲ್ಲ

ಫಿಶರ್ ಲೆಕ್ಕ ಹಿಡಿದದ್ದು ಹೆಚ್ಚಾಗಿ ಬ್ರಿಟನ್, ಅಮೆರಿಕಗಳ ಸಂಗೀತದ್ದು. ಹಾಟ್ 100 ಅಳೆಯುವುದೂ ಅಮೆರಿಕವನ್ನಷ್ಟೇ. ಆದರೆ ಈಚಿನ ಹೊಸ ಸದ್ದುಗಳು ಹುಟ್ಟಿದ್ದು ಬೇರೆ ಊರುಗಳಲ್ಲಿ.

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್, ಪ್ರಿಟೋರಿಯಾ ಸುತ್ತಲಿನ ಬಡಾವಣೆಗಳಲ್ಲಿ 2010ರ ದಶಕದಲ್ಲಿ ಅಮಪಿಯಾನೊ ಎಂಬ ಕುಣಿತದ ಸಂಗೀತ ಬೆಳೆಯಿತು. ಅದರ ಗುರುತು 'ಲಾಗ್ ಡ್ರಮ್'. ಹೆಸರು ಕೇಳಿದರೆ ಮರದ ದಿಮ್ಮಿಯ ವಾದ್ಯ ಅನಿಸುತ್ತದೆ. ನಿಜವಾಗಿ ಅದು ಒಂದು ಅಗ್ಗದ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಬಿದ್ದಿದ್ದ ಸದ್ದು. ಹುಡುಗರು ಅದನ್ನೇ ಬೇಸ್ ಮಾಡಿಕೊಂಡು, ತಾಳವನ್ನೂ ಅದರಿಂದಲೇ ನುಡಿಸಿದರು. ಬೇಸ್ ಮತ್ತು ತಾಳ ಒಂದೇ ಆಗಿಬಿಟ್ಟ ಈ ಸದ್ದನ್ನು 1995ರ ರೇಡಿಯೋಗೆ ಕಳಿಸಿ ನೋಡಿ, ಜನ ಖಂಡಿತ ಬೆಚ್ಚುತ್ತಾರೆ. ಟೈಲಾ ಎಂಬ ಗಾಯಕಿ ತನ್ನ 2023ರ ಹಾಡಿನ ಮೂಲಕ ಈ ಸದ್ದನ್ನು ಅಮೆರಿಕದ ಮೊದಲ ಹತ್ತರೊಳಗೆ ಒಯ್ದಳು. ಪೋರ್ಟೊ ರಿಕೊದ ಬ್ಯಾಡ್ ಬನಿ 2025ರ ಆಲ್ಬಮ್‌ನಲ್ಲಿ ತನ್ನ ದ್ವೀಪದ ಹಳೇ ಬೀದಿ ವಾದ್ಯಗಳ ಪ್ಲೇನಾವನ್ನು ಈಗಿನ ಬೀಟ್ ಜೊತೆ ಕಟ್ಟಿದ. ಅದೂ ಸ್ಪ್ಯಾನಿಷ್‌ನಲ್ಲಿ, ಇಂಗ್ಲಿಷ್‌ಗೆ ತಲೆಬಾಗದೆ.

ಬೆಂಗಳೂರೂ ಈ ಕಥೆಯಲ್ಲಿದೆ. ಇಲ್ಲಿ ನೆಲೆಸಿರುವ, ಕೇರಳ ಮೂಲದ ರ‍್ಯಾಪರ್ ಹನುಮಾನ್‌ಕೈಂಡ್ 2024ರಲ್ಲಿ ಹಾಡಿದ 'ಬಿಗ್ ಡಾಗ್ಸ್' ಹಾಟ್ 100ರಲ್ಲಿ 23ನೇ ಸ್ಥಾನದವರೆಗೆ ಏರಿತು. ಜಾತ್ರೆಯ ಮೃತ್ಯುಕೂಪದಲ್ಲಿ ಚಿತ್ರಿಸಿದ ಆ ವಿಡಿಯೋ ನೆನಪಿರಬಹುದು. ರ‍್ಯಾಪ್ ಸತ್ತಿತು ಎಂದು ಅಮೆರಿಕ ಮಾತಾಡಿಕೊಳ್ಳುವುದಕ್ಕೆ ಸುಮಾರು ಒಂದು ವರ್ಷ ಮೊದಲಿನ ಸಂಗತಿ ಇದು.

ಕನ್ನಡ ಸಿನಿಮಾ ಸಂಗೀತ ನಿಂತಿದೆ ಎನ್ನುವವರು ಒಂದು ಸಣ್ಣ ಲೆಕ್ಕ ಹಾಕಬಹುದು. 1987ರಲ್ಲಿ 'ಪ್ರೇಮಲೋಕ'ದಲ್ಲಿ ಹಂಸಲೇಖ ಆಡುಮಾತನ್ನೇ ಹಾಡು ಮಾಡಿ ಹೊಸ ಬಾಗಿಲು ತೆರೆದರು. 2006ರಲ್ಲಿ 'ಮುಂಗಾರು ಮಳೆ' ಮೂಲಕ ಮನೋಮೂರ್ತಿಯವರ ಮೆಲುದನಿಯ ಅಲೆ ಬಂತು. 2018ರಲ್ಲಿ 'ಟಗರು' ಚಿತ್ರಕ್ಕೆ ಚರಣ್ ರಾಜ್ ಮಾಡಿದ್ದು ಎರಡಕ್ಕೂ ಸಂಬಂಧವೇ ಇಲ್ಲದ ಸದ್ದು. 2022ರ 'ಕಾಂತಾರ'ದಲ್ಲಿ ಅಜನೀಶ್ ಲೋಕನಾಥ್ ಕರಾವಳಿಯ ಸದ್ದುಗಳನ್ನು ಥಿಯೇಟರ್ ತುಂಬ ಮೊಳಗಿಸಿದರು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಜಗಳ ಬೇರೆ. ಒಂದೇ ಥರ ಅಂತೂ ಇಲ್ಲ.

ಸಿನಿಮಾದ ಆಚೆ ಇನ್ನೂ ದೊಡ್ಡ ಚಲನೆಯಿದೆ. ಉತ್ತರ ಕರ್ನಾಟಕದ ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ಕೀಬೋರ್ಡ್ ಮತ್ತು ರಿದಮ್ ಪ್ಯಾಡ್ ಇಟ್ಟುಕೊಂಡು ಜಾನಪದ ಧಾಟಿಯ ಹಾಡು ಕಟ್ಟಿ ನೇರವಾಗಿ ಯೂಟ್ಯೂಬಿಗೆ ಹಾಕುತ್ತಾರೆ. ಡ್ರೈವರ್, ಕಬ್ಬಿನ ಗ್ಯಾಂಗ್, ಊರ ಹುಡುಗಿ, ಜಾತ್ರೆ, ಇವೇ ವಸ್ತು. ಆ ಕಡೆಯ ಮಾತು, ಆ ಕಡೆಯ ತಾಳ. ಇವು ಕಬ್ಬಿನ ಟ್ರ್ಯಾಕ್ಟರುಗಳ ಸ್ಪೀಕರ್‌ಗಳಲ್ಲಿ, ಮದುವೆಯ ಡಿಜೆಗಳಲ್ಲಿ ಓಡುತ್ತವೆ. ಬೆಂಗಳೂರಿನ ಎಫ್‌ಎಂಗಳಲ್ಲಿ ಅಪರೂಪ. ಟ್ರ್ಯಾಕ್ಟರಿನಲ್ಲಿ ಪೆನ್‌ಡ್ರೈವ್‌ನಿಂದ ಓಡಿದ ಹಾಡನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ. 1991ಕ್ಕೆ ಮೊದಲು ಅಮೆರಿಕದ ರ‍್ಯಾಪ್ ಇದ್ದ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಅಲ್ಲವೇ?

ಮುಂದೇನಾಗಬಹುದು

ಹೊಸ ಸಂಗೀತ ಹುಟ್ಟುತ್ತಿದೆ. ತೊಂದರೆ ಇರುವುದು ಅದು ಬೆಳೆದು ಹೊಟ್ಟೆ ತುಂಬಿಸುವುದರಲ್ಲಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಂಡಿರಬೇಕು. ಇಲ್ಲದಿದ್ದರೆ ಅದಕ್ಕೆ ರಾಯಲ್ಟಿಯೇ ಇಲ್ಲ. ಹಾಗೆ ಉಳಿದ ಹಣ ಮೇಲಿನವರಿಗೆ ಹಂಚಿಕೆಯಾಗುತ್ತದೆ. ತೀರ ಹೊಸದನ್ನು ಮಾಡುವವರಿಗೆ ಮೊದಲು ಸಿಗುವುದು ಕೆಲವೇ ಕೇಳುಗರು. ಅವರ ಮೊದಲ ಮೆಟ್ಟಿಲೇ ಹೀಗೆ ಎತ್ತರವಾಗುತ್ತಿದೆ.

ಅದೇ ಹೊತ್ತಿಗೆ ಎಐ ಬಂದಿದೆ. ಫ್ರಾನ್ಸಿನ ಡೀಜರ್ ಎಂಬ ಸ್ಟ್ರೀಮಿಂಗ್ ಕಂಪನಿ ಕೊಟ್ಟ ಲೆಕ್ಕ ನೋಡಿ. 2025ರ ಜನವರಿಯಲ್ಲಿ ಅದಕ್ಕೆ ದಿನಕ್ಕೆ ಸುಮಾರು 10 ಸಾವಿರ ಎಐ ಹಾಡು ಬರುತ್ತಿದ್ದವು. ನವೆಂಬರ್ ಹೊತ್ತಿಗೆ ದಿನಕ್ಕೆ 50 ಸಾವಿರ, ಬರುವ ಹಾಡುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು. ಕೇಳಿಸಿಕೊಳ್ಳುವುದರಲ್ಲಿ ಅವುಗಳ ಪಾಲು ಮಾತ್ರ ಶೇ 0.5ರಷ್ಟು. ಅದರಲ್ಲೂ ಬಹುಪಾಲು ದುಡ್ಡು ಹೊಡೆಯಲು ಯಂತ್ರಗಳೇ ಯಂತ್ರಗಳ ಹಾಡನ್ನು ಕೇಳಿದಂತೆ ಮಾಡುವ ಮೋಸ. ದೊಡ್ಡ ರೆಕಾರ್ಡ್ ಕಂಪನಿಗಳು ಮೊದಲು ಎಐ ಕಂಪನಿಗಳ ಮೇಲೆ ಕೇಸು ಹಾಕಿದವು. 2025ರ ಕೊನೆಯಲ್ಲಿ ಯೂನಿವರ್ಸಲ್ ಯೂಡಿಯೊ ಜೊತೆ, ವಾರ್ನರ್ ಸೂನೊ ಜೊತೆ ರಾಜಿ ಮಾಡಿಕೊಂಡವು. ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಈ ಯಂತ್ರ ಕಲಿಯುವುದು ಇರುವ ಹಾಡುಗಳಿಂದ. ಹಳೇ ಹಾಡಿನ ಗಂಟು ಇಟ್ಟುಕೊಂಡ ಕಂಪನಿಗೆ ಇನ್ನೊಂದು ಬಾಡಿಗೆ ಸಿಕ್ಕಂತಾಯಿತು. ಹೊಸ ಸದ್ದಿಗೆ ದುಡ್ಡು ಹಾಕುವ ಒತ್ತಡ ಇನ್ನಷ್ಟು ಸಡಿಲವಾಗುತ್ತದೆ.

ಆದರೆ ಸ್ಯಾಂಪ್ಲರ್ ಬಂದಾಗಲೂ ಅದನ್ನು ಕಳ್ಳರ ಯಂತ್ರ ಎಂದವರಿದ್ದರು. ಅದನ್ನು ತಯಾರಿಸಿದವರು ಊಹಿಸದ ಕೆಲಸಕ್ಕೆ ಹುಡುಗರು ಬಳಸಿದ ಮೇಲೆ ಜಂಗಲ್ ಹುಟ್ಟಿತು. ಎಐ ಅನ್ನು ಅದು ಕಲಿತ ದಾರಿ ಬಿಟ್ಟು ತಪ್ಪು ದಾರಿಯಲ್ಲಿ ಓಡಿಸುವವರು ಎಲ್ಲಾದರೂ ಬರಬಹುದು. ಸದ್ಯಕ್ಕೆ ಬಹುಪಾಲು ಬರುತ್ತಿರುವುದು ಚೆನ್ನಾಗಿ ಹೊಳಪು ಹಾಕಿದ ನಕಲು.

ಹಾಟ್ 100ರ ವಿಷಯಕ್ಕೆ ಬಂದರೆ, ಹೊಸ ನಿಯಮದಿಂದ ಹಾಡುಗಳು ಇನ್ನು ಬೇಗ ಬೇಗ ಕೆಳಗಿಳಿಯುತ್ತವೆ, ಹೊಸ ಹೆಸರುಗಳು ಜಾಸ್ತಿ ಕಾಣುತ್ತವೆ. ಕೆಲವು ತಿಂಗಳಲ್ಲಿ, ಪಾಪ್ ಸಂಗೀತಕ್ಕೆ ಮತ್ತೆ ಜೀವ ಬಂತು ಎಂಬ ತಲೆಬರಹವೂ ಬರಬಹುದು. ಜನ ಆಗಲೂ 'ಲೂಸ್ ಕಂಟ್ರೋಲ್' ಕೇಳುತ್ತಲೇ ಇರುತ್ತಾರೆ. ಪಟ್ಟಿಯಲ್ಲಿ ಅದರ ಹೆಸರು ಇರುವುದಿಲ್ಲ, ಅಷ್ಟೇ.